ಬೋಳು ಹಿತ್ತಲಿಗೆ ಒಂದು ಬಳ್ಳಿ

ಬೋಳುತಲೆಯ ಕ್ಷೌರಿಕನಿಂದ ಕೂದಲು ಬೆಳೆಯುವ ಎಣ್ಣೆಯನ್ನು ಬುದ್ಧಿ ನೆಟ್ಟಗಿರುವ ಯಾರೂ ಕೊಳ್ಳುವುದಿಲ್ಲ. ಇದನ್ನು ಅಂಥದೇ ಬೋಳುತಲೆಯ ಕ್ಷೌರಿಕನಾದ ರೇಡಿಯೋಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅವನ ಸಲೂನಿನ ಕನ್ನಡಿಯ ಮುಂದೆ ಎಣ್ಣೆಯ ಬಾಟಲಿಗಳು ಸಾಲಾಗಿ ನಿಂತಿದ್ದವು. ಕನ್ನಡಿಯಲ್ಲಿ ಅವುಗಳ ಹಿಂದೆ ಅವನ ತಲೆ ಲಕಲಕ ಹೊಳೆಯುತ್ತಿತ್ತು. ಗಿರಾಕಿಗಳು ಒಮ್ಮೆ ಬಾಟಲಿಯನ್ನೂ ಒಮ್ಮೆ ತಲೆಯನ್ನೂ ನೋಡಿ ತುಟಿ ಬಿಗಿಹಿಡಿಯುತ್ತಿದ್ದರು. "ನಗಬೇಕಾದ್ರೆ ನಕ್ಕುಬಿಡಿ ಸ್ವಾಮಿ. ಇದು ಎಣ್ಣೆ ಹಚ್ಚದೆ ಆಗಿರೋ ಗತಿ, ನನ್ನ ನೋಡಿ ಪಾಠ ಕಲೀರಿ" ಎಂದು ಅವನೇ ದಾರಿ ಮಾಡಿಕೊಡುತ್ತಿದ್ದ. ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲವಾದ್ದರಿಂದ ಬೀದಿಯವರೆಲ್ಲ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಹಿತ್ತಲಿನದೂ ತಲೆಯದೇ ಕಥೆ. ಮನೆಯ ಹಿಂದೆ ಅಪ್ಪನ ಕಾಲದ ದೊಡ್ಡ ಮರ, ಅದರ ಕೆಳಗೆ ಹುಲ್ಲುಕಡ್ಡಿಯೂ ಇಲ್ಲದ ಇಳಿಜಾರು. ಸಲೂನಿನ ನೆಲದ ಮೇಲೆ ಒಂದೆಳೆ ಕೂದಲು ಬಿದ್ದರೂ ರೇಡಿಯೋಗೆ ಕೈ ತುರಿಸುತ್ತಿತ್ತು. ಆ ಚಾಳಿ ಅವನ ಜೊತೆ ಮನೆಗೂ ಬಂದಿತ್ತು. ಬೆಳಿಗ್ಗೆ ಎದ್ದವನೇ ಪೊರಕೆ ಹಿಡಿದು ಮರ ಉದುರಿಸಿದ ಎಲೆಯನ್ನೆಲ್ಲ ಗುಡಿಸಿ ಹಾಕುತ್ತಿದ್ದ. ಮರ ಮತ್ತೆ ಉದುರಿಸುತ್ತಿತ್ತು, ಇವನು ಮತ್ತೆ ಗುಡಿಸುತ್ತಿದ್ದ. ಬಿದ್ದ ಎಲೆಯೇ ಮಣ್ಣಿಗೆ ಹೊದಿಕೆ ಎನ್ನುವುದು ಮರಕ್ಕೆ ಗೊತ್ತಿತ್ತು, ಇವನಿಗೆ ಗೊತ್ತಿರಲಿಲ್ಲ. "ನೆಲ ನೋಡು, ಊಟ ಬಡಿಸಬಹುದು ಹಾಗಿದೆ" ಎಂದು ಹೆಂಡತಿಗೆ ತೋರಿಸುತ್ತಿದ್ದ. ಅವಳು ಅಲ್ಲಿ ಊಟ ಬಡಿಸುವ ಯೋಚನೆಯನ್ನು ಎಂದೂ ಮಾಡಿದವಳಲ್ಲ.

ಇಳಿಜಾರಿನ ಬುಡದಲ್ಲಿ ಅಣ್ಣನ ಮನೆ. ಅಣ್ಣ ಗಾರೆ ಕೆಲಸದ ಮೇಸ್ತ್ರಿ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಇದೆ. ಆದರೆ ಇವರಿಬ್ಬರಿಗೆ ವಯಸ್ಸು ಐವತ್ತು ದಾಟಿದರೂ ದಾಯಾದಿಗಳಾಗಲು ಪುರುಸೊತ್ತು ಸಿಕ್ಕಿರಲಿಲ್ಲ. ಅಪ್ಪನ ಜಾಗ ಪಾಲಾದಾಗ ಮೇಲಿನದು ತಮ್ಮನಿಗೆ, ಕೆಳಗಿನದು ಅಣ್ಣನಿಗೆ ಎಂದಾಯಿತು. ನಡುವೆ ಒಂದು ಗೇಣಿನ ಕಾಲುವೆ ತೋಡಿ ಇದೇ ಗಡಿ ಎಂದುಕೊಂಡರು, ಅಷ್ಟೆ. ಬೇರೆಯವರ ಮನೆಗಳಿಗೆ ಗೋಡೆ ಕಟ್ಟಿ ಹೊಟ್ಟೆ ಹೊರೆಯುವ ಅಣ್ಣನಿಗೂ ಅಲ್ಲೊಂದು ಗೋಡೆ ಬೇಕು ಅನ್ನಿಸಿರಲಿಲ್ಲ.

ಸಂಜೆ ಕೆಲಸ ಮುಗಿಸಿ ಬಂದ ಅಣ್ಣ ಟೀ ಲೋಟ ಹಿಡಿದುಕೊಂಡು ಮೇಲೆ ಹತ್ತಿ ಬರುತ್ತಿದ್ದ. ಮರದ ಕೆಳಗೊಂದು ಹಲಗೆ ಇತ್ತು, ಇಬ್ಬರೂ ಅದರ ಮೇಲೆ ಕೂರುತ್ತಿದ್ದರು. ಮಾತು ಇಲ್ಲ. ಅಣ್ಣ ಮೊದಲಿನಿಂದಲೂ ಮಾತು ಕಡಿಮೆಯವನು. ರೇಡಿಯೋ ದಿನವಿಡೀ ಬಾಯಿಯನ್ನು ಬಾಡಿಗೆಗೆ ಬಿಟ್ಟು ಬಂದವನು, ಸಿಕ್ಕ ಸಿಕ್ಕ ತಲೆಗೆ ತಕ್ಕ ಮಾತು ಹುಡುಕಿ ಹುಡುಕಿ ಅವನ ದವಡೆ ನೋಯುತ್ತಿರುತ್ತಿತ್ತು. ಜಗತ್ತಿನಲ್ಲಿ ಯಾರನ್ನೂ ನಗಿಸಬೇಕಾಗಿಲ್ಲದ ಜಾಗ ಅವನಿಗೆ ಅದೊಂದೇ ಇತ್ತು, ಅಣ್ಣನ ಪಕ್ಕದ ಆ ಹಲಗೆ.

ಹೀಗಿರುವಾಗ ಒಂದು ಮಳೆಗಾಲದ ಕೊನೆಯಲ್ಲಿ ಜೋರು ಮಳೆ ಬಂತು. ಗುಡಿಸಿ ಗುಡಿಸಿ ನುಣ್ಣಗಾಗಿದ್ದ ಹಿತ್ತಲಿನ ಮಣ್ಣು ಕದಡಿದ ರಾಡಿಯಾಗಿ ಇಳಿದು ಹೋಗಿ ಅಣ್ಣನ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿತು. ಪಾತ್ರೆ ತೊಳೆಯಲು ಹೊರಬಂದ ಅತ್ತಿಗೆ ಕಾಲು ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ಪ್ರತಿ ವರ್ಷ ಒಂದಿಷ್ಟು ಮಣ್ಣು ಬರುತ್ತಿತ್ತು, ಅಣ್ಣ ಸಲಿಕೆಯಿಂದ ಎತ್ತಿ ಹಾಕಿ ಸುಮ್ಮನಾಗುತ್ತಿದ್ದ. ಈ ಸಲ ಸಲಿಕೆ ಹಿಡಿದುಕೊಂಡೇ ಮೇಲೆ ಬಂದ.

"ನಿನ್ನ ಹಿತ್ತಲು ನನ್ನ ಅಡುಗೆಮನೆಗೆ ಬಂದಿದೆ, ನೋಡು ಬಾ" ಎಂದ.

ಅಣ್ಣನ ಮುಖ ನೋಡಿ ರೇಡಿಯೋಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ. "ಮಣ್ಣು ಅಪ್ಪಂದೇ ಅಲ್ವೇನಣ್ಣ. ನಿಂಗೆ ಪಾಲು ಜಾಸ್ತಿ ಬಂತು ಅಂತ ಖುಷಿಪಡು" ಎಂದು ಹಲ್ಲು ಕಿರಿದ.

ಸಲೂನಿನಲ್ಲಿ ಆಗಿದ್ದರೆ ಕುರ್ಚಿಯಲ್ಲಿದ್ದವನೂ ಬೆಂಚಿನಲ್ಲಿದ್ದವರೂ ನಗುತ್ತಿದ್ದರು. ಅಣ್ಣ ನಗಲಿಲ್ಲ. "ಅವಳು ಒಳಗೆ ಕೈ ಹಿಡ್ಕೊಂಡು ಅಳ್ತಾ ಕೂತಿದಾಳೆ. ಮುಂದಿನ ಮಳೆ ಹೊತ್ತಿಗೆ ಈ ಮಣ್ಣು ನಿಲ್ಲಬೇಕು. ಇಲ್ದಿದ್ರೆ ಗಡೀಲಿ ಗೋಡೆ ಎಬ್ಬಿಸ್ತೀನಿ. ಆಳೆತ್ತರ" ಎಂದ.

"ಮಣ್ಣು ತಡೆಯೋಕೆ ಮೊಣಕಾಲೆತ್ತರ ಸಾಕಲ್ವಾ ಅಣ್ಣ?"

"ಮಣ್ಣಿಗೆ ಸಾಕು" ಎಂದು ಅಣ್ಣ ಇಳಿದು ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಸಂಜೆ ಅಣ್ಣ ಮೇಲೆ ಬರಲಿಲ್ಲ, ಮರುದಿನವೂ ಬರಲಿಲ್ಲ. ರೇಡಿಯೋ ಎರಡು ಸಲ ಕೆಳಗೆ ಹೋದ. ಅತ್ತಿಗೆಯ ಕೈಗೆ ಹಚ್ಚಲು ಮುಲಾಮು ಕೊಟ್ಟು ಬಂದ. ಅಣ್ಣ ಒಳಗಿದ್ದೂ ಹೊರಗೆ ಬರಲಿಲ್ಲ. ಮೂರನೆಯ ಸಲ ಹೋಗಲು ರೇಡಿಯೋಗೆ ಮುಖವಿರಲಿಲ್ಲ. ಹೆಂಡತಿ ಮಾತ್ರ ಬಾಯಿ ಬಿಟ್ಟು ಹೇಳಿದಳು, "ನಿಮ್ಮ ನಾಲಿಗೆಗೂ ಒಂದು ಕತ್ತರಿ ಇಟ್ಕೋಬೇಕಿತ್ತು." ರೇಡಿಯೋಗೆ ಅದು ತನ್ನ ಎಲ್ಲ ನಗೆಮಾತುಗಳಿಗಿಂತ ಚೆನ್ನಾಗಿದೆ ಅನ್ನಿಸಿ ಇನ್ನಷ್ಟು ಬೇಜಾರಾಯಿತು.

ಪರಿಹಾರ ಬಂದು ಕೂತದ್ದು ಸಲೂನಿನ ಕುರ್ಚಿಯಲ್ಲೇ. ಗಿಡಗಳ ನರ್ಸರಿ ನಡೆಸುವವನೊಬ್ಬ ಶೇವಿಂಗ್‌ಗೆ ಬಂದಿದ್ದ. ಮುಖದ ತುಂಬ ನೊರೆ ಇದ್ದಷ್ಟು ಹೊತ್ತು ರೇಡಿಯೋ ಅವನಿಗೆ ತನ್ನ ಹಿತ್ತಲಿನ ರಾಮಾಯಣ ಹೇಳಿದ. ನೊರೆ ಒರೆಸಿದ ಮೇಲೆ ಅವನ ಸರದಿ ಬಂತು.

"ವಿಂಕಾ ಹಾಕಿ. ನಿತ್ಯಪುಷ್ಪ ಗೊತ್ತಲ್ಲ? ಅದರ ದಾಯಾದಿ ಇದು. ಅದು ನಿಂತು ಬೆಳೆಯುತ್ತೆ, ಇದು ನೆಲಕ್ಕೆ ಬಿದ್ದು ಹರಿಯುತ್ತೆ. ನೀಲಿ ಹೂವು. ಮರದ ನೆರಳಿದ್ರೂ ಚಿಂತೆ ಇಲ್ಲ. ಬಳ್ಳಿ ಗೆಣ್ಣು ಎಲ್ಲಿ ಮಣ್ಣು ಮುಟ್ಟುತ್ತೋ ಅಲ್ಲೇ ಬೇರು ಬಿಡುತ್ತೆ, ಹಾಗೇ ಮುಂದೆ ಮುಂದೆ ಹೋಗ್ತಾ ನೆಲ ಪೂರ್ತಿ ಮುಚ್ಚಿ ಮಣ್ಣನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ. ನೆಟ್ಟು ನೀರು ಹಾಕಿ. ಆಮೇಲೆ ಮಾತ್ರ ಅದನ್ನ ಅದರ ಪಾಡಿಗೆ..."

ಅಷ್ಟರಲ್ಲಿ ರೇಡಿಯೋ ದಾಯಾದಿ ಎಂಬ ಮಾತನ್ನು ಹಿಡಿದುಕೊಂಡು ಅಣ್ಣನ ಕಥೆ ಶುರುಮಾಡಿದ್ದ. ನರ್ಸರಿಯವನು ಹೇಳಬೇಕಾದದ್ದರಲ್ಲಿ ಮುಖ್ಯವಾದ ಭಾಗ ಅವನ ಬಾಯಲ್ಲೇ ಉಳಿಯಿತು. ಮುಖ ನುಣ್ಣಗೆ ಮಾಡಿಸಿಕೊಂಡು ಅವನು ಎದ್ದು ಹೋದ.

ವಾರದ ರಜೆಯ ದಿನ ರೇಡಿಯೋ ನರ್ಸರಿಗೆ ಹೋಗಿ ಸಣ್ಣ ಸಣ್ಣ ಚೀಲಗಳಲ್ಲಿದ್ದ ವಿಂಕಾ ಸಸಿಗಳನ್ನು ತಂದ. ಹೊಳೆಯುವ ಕಡುಹಸಿರು ಎಲೆ, ತೆಳ್ಳನೆಯ ಕಾಂಡ. ಇಳಿಜಾರಿನ ಮೇಲಿನಿಂದ ಗಡಿಯ ಕಾಲುವೆಯವರೆಗೆ ದಾರ ಕಟ್ಟಿ ಸಾಲು ಹಿಡಿದು ನೆಟ್ಟ. ಕೊನೆಯ ಸಾಲು ಕಾಲುವೆಯ ಅಂಚಿಗೇ ಬಂತು. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಆದರೂ ಅಂದು ಅವನು ತಿಂಗಳ ಮೇಲೆ ಮೊದಲ ಸಲ ಹೊಟ್ಟೆತುಂಬ ಊಟ ಮಾಡಿದ. ಮುಂದಿನ ಮಳೆಗೆ ಇಡೀ ಹಿತ್ತಲು ಹಸಿರು ಹೊದ್ದುಕೊಂಡಿರುತ್ತದೆ, ಅಣ್ಣ ಲೋಟ ಹಿಡಿದು ಮೇಲೆ ಬರುತ್ತಾನೆ ಎಂದು ಲೆಕ್ಕ ಹಾಕಿದ.

ಸಸಿಗಳು ಬೇರು ಹಿಡಿದವು, ಅಲ್ಲೊಂದು ಇಲ್ಲೊಂದು ಕುಡಿ ಉದ್ದವಾಗಿ ನೆಲದ ಮೇಲೆ ತೆವಳತೊಡಗಿತು. ರೇಡಿಯೋನ ಗ್ರಹಚಾರವೂ ಅಲ್ಲಿಂದಲೇ ತೆವಳತೊಡಗಿತು ಎನ್ನಬೇಕು. ಒಂದು ಗಿಡದಲ್ಲಿ ಎರಡು ಕುಡಿ ಎಡಕ್ಕೆ, ಇನ್ನೊಂದರಲ್ಲಿ ಒಂದೇ ಕುಡಿ ಬಲಕ್ಕೆ. ಅವನ ಕಣ್ಣಿಗೆ ಅದು ಕಿವಿಯ ಮೇಲೆ ಬಿದ್ದ ಕೂದಲು, ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ. ಹಾಗೆ ಬಿಟ್ಟು ಯಾವ ಗಿರಾಕಿಯನ್ನೂ ಕುರ್ಚಿಯಿಂದ ಎಬ್ಬಿಸಿದವನಲ್ಲ. ಒಳಗೆ ಹೋಗಿ ಕತ್ತರಿ ತಂದ.

ಇದಕ್ಕೆ ಅವನ ಬಳಿ ಸಿದ್ಧಾಂತವೂ ಇತ್ತು. ಕತ್ತರಿಸಿದಷ್ಟೂ ದಟ್ಟವಾಗಿ ಬರುತ್ತದೆ ಎಂದು ಮಕ್ಕಳನ್ನು ಕರೆತಂದ ತಾಯಂದಿರಿಗೆ ಅವನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದ. ಅದಕ್ಕೆ ಆಧಾರ ಏನೂ ಇರಲಿಲ್ಲ. ಹಾಗೆ ಹೇಳಿದರೆ ಅವರು ಬೇಗ ಮತ್ತೆ ಬರುತ್ತಿದ್ದರು, ಅಷ್ಟೇ. ಅದಕ್ಕೆ ವಿರುದ್ಧವಾದ ಸಾಕ್ಷಿ ಅವನ ಹೆಗಲ ಮೇಲೇ ಕೂತಿತ್ತು. ಆದರೂ ಒಂದು ಸುಳ್ಳನ್ನು ಅಷ್ಟು ವರ್ಷ ಹೇಳಿದವನು ಕೊನೆಗೆ ತಾನೂ ಅದನ್ನು ನಂಬುತ್ತಾನೆ. ಪ್ರತಿ ರಜೆಯ ದಿನ ರೇಡಿಯೋ ಕುಕ್ಕರಗಾಲಲ್ಲಿ ಕೂತು, ಬಾಚಣಿಗೆಯಿಂದ ಬಳ್ಳಿ ಎತ್ತಿ, ಕಚಕಚ ಎಂದು ಕುಡಿ ಕತ್ತರಿಸಿ, ಸಲೂನಿನ ನೀರಿನ ಸ್ಪ್ರೇಯಿಂದ ಮೇಲೆ ಎರಡು ಸಲ ಚಿಮುಕಿಸುತ್ತಿದ್ದ. ಆಮೇಲೆ ಕುಡಿಗಳನ್ನೂ ಎಲೆಗಳನ್ನೂ ಪೊರಕೆ ಹಿಡಿದು ಗುಡಿಸುತ್ತಿದ್ದ. ಬೇರು ಬಿಡಲೆಂದು ಮಣ್ಣು ಮುಟ್ಟಿದ ಗೆಣ್ಣೆಲ್ಲ ಹಾಗೆ ಕಸದ ಬುಟ್ಟಿ ಸೇರುತ್ತಿತ್ತು.

"ಇದೇನು ತೋಟಾನೋ, ಕಟಿಂಗ್‌ಗೆ ಕಾಯ್ತಾ ಕೂತಿರೋ ಗಿರಾಕಿಗಳೋ?" ಎಂದು ಹೆಂಡತಿ ಕೇಳಿದಳು. ಗಿಡಗಳು ನಿಜಕ್ಕೂ ಹಾಗೆಯೇ ಕಾಣುತ್ತಿದ್ದವು. ಎಲ್ಲವೂ ಒಂದೇ ಎತ್ತರ, ಒಂದೇ ದುಂಡು, ನಡುವೆ ಬೆತ್ತಲೆ ಮಣ್ಣು.

"ಒಳಗೊಳಗೇ ದಟ್ಟ ಆಗ್ತಿದೆ ಕಣೇ. ಗೊತ್ತಾಗಲ್ಲ ನಿಂಗೆ."

"ಒಳಗೊಳಗೇ ಅಂದ್ರೆ ನಿಮ್ಮ ಕೂದಲ ಥರ."

ಕೊನೆಯ ಸಾಲಿನ ಗಿಡಗಳಿಗೆ ಮಾತ್ರ ಅವನು ಅರ್ಧ ಕ್ಷೌರ ಮಾಡುತ್ತಿದ್ದ. ಅವುಗಳ ಕುಡಿಗಳು ಕಾಲುವೆ ದಾಟಿ ಅಣ್ಣನ ಕಡೆಗೆ ಜೋತುಬೀಳುತ್ತಿದ್ದವು. ಮೊದಲಾಗಿದ್ದರೆ ಒಂದು ಕಾಲು ಆಚೆ ಇಟ್ಟು ಕತ್ತರಿಸಿ ಬರುತ್ತಿದ್ದ. ಈಗ ಆ ಕಡೆ ಕಾಲಿಡಲು ಧೈರ್ಯವಿರಲಿಲ್ಲ. ಕೈಯಲ್ಲಿ ಕತ್ತರಿ ಹಿಡಿದು ಅಣ್ಣನ ಜಾಗಕ್ಕೆ ಬಗ್ಗುವುದನ್ನು ಅತ್ತಿಗೆ ಕಂಡರೆ ಏನೆಂದುಕೊಂಡಾರು? ದಾಟಿ ಹೋದದ್ದು ಹೋಯಿತು ಎಂದು ಬಿಟ್ಟುಬಿಟ್ಟ.

ಇಷ್ಟರಲ್ಲಿ ಅಣ್ಣ ಕಲ್ಲು ತರಲು ಶುರುಮಾಡಿದ್ದ. ಕೆಲಸ ಮುಗಿದ ಕಟ್ಟಡಗಳಿಂದ ಉಳಿದ ಕಲ್ಲುಗಳನ್ನು ತಳ್ಳುಗಾಡಿಯಲ್ಲಿ ತಂದು ಕಾಲುವೆಯಾಚೆ ರಾಶಿ ಹಾಕುತ್ತಿದ್ದ. ರಾಶಿ ಎದೆಯೆತ್ತರ ಬಂತು, ಅದರ ಹಿಂದೆ ಏನಿದೆ ಎಂದು ಮೇಲಿನಿಂದ ಕಾಣದಾಯಿತು. ಮೊದಲು ಗುಂಡಗಿದ್ದ ರಾಶಿ ಸ್ವಲ್ಪ ದಿನಕ್ಕೆ ಎಡಕ್ಕೆ ಸರಿದು ಉದ್ದವಾಯಿತು, ಇನ್ನು ಸ್ವಲ್ಪ ದಿನಕ್ಕೆ ಬಲಕ್ಕೂ ಚಾಚಿತು. ಗೋಡೆಯ ಸಾಲು ಹಿಡಿಯುತ್ತಿದ್ದಾನೆ ಎಂದು ರೇಡಿಯೋ ನಿದ್ದೆಗೆಟ್ಟ. ಸಂಜೆ ಹಲಗೆಯ ಮೇಲೆ ಒಬ್ಬನೇ ಕೂತು ಒಮ್ಮೆ ತನ್ನ ಬಳ್ಳಿ, ಒಮ್ಮೆ ಅಣ್ಣನ ಕಲ್ಲು ನೋಡುತ್ತಿದ್ದ. ಜೀವ ಇಲ್ಲದ ಕಲ್ಲು ಹಬ್ಬುತ್ತಿತ್ತು, ಜೀವ ಇರುವ ಬಳ್ಳಿ ಕೂತಲ್ಲೇ ಕೂತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತನ್ನ ನೆಲ ನಿಜವಾಗಿಯೂ ಡೊಂಕು, ಆದರೂ ತಪ್ಪು ತನ್ನದೇ ಇರಬೇಕು ಅನ್ನಿಸುತ್ತಿತ್ತು. ಏನು ತಪ್ಪು ಎಂದು ಮಾತ್ರ ಹೊಳೆಯಲಿಲ್ಲ. ಹೊಳೆಯಲಿ ಎಂದು ಕತ್ತರಿ ಸಾಣೆ ಹಿಡಿಸಿ ತಂದು ವಾರಕ್ಕೆ ಎರಡು ಸಲ ಕತ್ತರಿಸತೊಡಗಿದ.

ಗೋಡೆ ಎದ್ದರೆ ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಣ್ಣ ಕಟ್ಟಿದ ಗೋಡೆ ಬೀಳುವುದಿಲ್ಲ. ಅದು ಊರಿಗೆಲ್ಲ ಗೊತ್ತಿದ್ದ ಮಾತು, ತಮ್ಮನೇ ಸಲೂನಿನಲ್ಲಿ ಕೂತವರಿಗೆಲ್ಲ ಹೇಳಿ ಹೇಳಿ ಹಬ್ಬಿಸಿದ ಮಾತು. ಇಬ್ಬರೂ ಮುದುಕರಾಗಿ ಸತ್ತ ಮೇಲೂ ಅದು ನಿಂತಿರುತ್ತದೆ.

ಮಳೆಗಾಲದ ಮೊದಲ ಜೋರು ಮಳೆ ಅವನ ರಜೆಯ ದಿನವೇ ಮಧ್ಯಾಹ್ನ ಬಂತು. ರೇಡಿಯೋ ಹಿಂಬಾಗಿಲಲ್ಲಿ ನಿಂತು ನೋಡಿದ. ಮರದ ಎಲೆಗಳ ಮೇಲೆ ನೀರು ಬಿದ್ದು, ಅಲ್ಲಿಂದ ದೊಡ್ಡ ದೊಡ್ಡ ಹನಿಯಾಗಿ ಬೆತ್ತಲೆ ನೆಲಕ್ಕೆ ಬಡಿಯಿತು. ಮೊದಲು ಕೆಂಪು ಗೆರೆಗಳು ಮೂಡಿದವು, ಆಮೇಲೆ ಗೆರೆಗಳು ಕೂಡಿ ತೊರೆಗಳಾದವು. ಅಚ್ಚುಕಟ್ಟಾಗಿ ಕ್ಷೌರ ಮಾಡಿಸಿಕೊಂಡಿದ್ದ ಒಂದು ವಿಂಕಾ ಬುಡಸಮೇತ ಎದ್ದು ತೇಲಿತು. ಅದರ ಹಿಂದೆ ಇನ್ನೊಂದು. ಬಾಚಿದ ತಲೆಯಲ್ಲೇ ಅವು ಸಾಲಾಗಿ ಅಣ್ಣನ ಮನೆಗೆ ಹೊರಟವು.

"ಹೋಗ್ತಿದಾವೆ ನೋಡಿ ನಿಮ್ಮ ಗಿರಾಕಿಗಳು" ಎಂದಳು ಹೆಂಡತಿ. ಆದರೆ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ, ಗಂಡನ ಮುಖ ನೋಡಿ ಅವಳಿಗೂ ಅಳು ಬಂದಂತಿತ್ತು. ರೇಡಿಯೋ ಕೈಗೆ ಸಿಕ್ಕ ಪೊರಕೆ ಹಿಡಿದು ಮಳೆಗಿಳಿದ. ಹರಿಯುವ ರಾಡಿಯನ್ನು ಪೊರಕೆಯಿಂದ ಮೇಲಕ್ಕೆ ಗುಡಿಸಲು ನೋಡಿದ. ಜೀವಮಾನದಲ್ಲಿ ಮಾಡಿದ ಪೆದ್ದುತನಗಳಲ್ಲಿ ಇದಕ್ಕೆ ಯಾವ ಜಾಗ ಎಂದು ಆ ಗಡಿಬಿಡಿಯಲ್ಲೂ ಒಂದು ಕ್ಷಣ ಯೋಚಿಸಿದ. ಮೊದಲನೆಯದೇ ಇರಬೇಕು ಅನ್ನಿಸಿತು. ಕಾಲು ಜಾರಿತು, ಕೂತ ಭಂಗಿಯಲ್ಲೇ ಇಳಿಜಾರಿನುದ್ದಕ್ಕೂ ಜಾರಿ ಕಾಲುವೆಯ ಹತ್ತಿರ ನಿಂತ. ಅತ್ತಿಗೆ ಮತ್ತೆ ಬಿದ್ದರೆ ಎಂಬ ಹೆದರಿಕೆಯಲ್ಲಿ ಎದ್ದು, ತಿಂಗಳುಗಳ ನಂತರ ಮೊದಲ ಸಲ ಗಡಿ ದಾಟಿ, ಕಲ್ಲಿನ ರಾಶಿಯನ್ನು ಸುತ್ತಿಕೊಂಡು ಅಣ್ಣನ ಕಡೆಗೆ ಓಡಿದ. ಅಲ್ಲಿ ಹಾಗೇ ನಿಂತುಬಿಟ್ಟ.

ಕಲ್ಲಿನ ರಾಶಿಯ ಹಿಂದೆ ನೆಲವೇ ಕಾಣುತ್ತಿರಲಿಲ್ಲ. ಒತ್ತೊತ್ತಾದ ಕಡುಹಸಿರು ಎಲೆ, ನಡುನಡುವೆ ನೀಲಿ ಹೂವು. ಎತ್ತರ ಹಿಮ್ಮಡಿ ಮುಳುಗುವಷ್ಟೇ, ಆದರೆ ಕೈ ತೂರಿಸಲು ಜಾಗವಿಲ್ಲದಷ್ಟು ದಟ್ಟ. ಅತ್ತಿಗೆ ಪಾತ್ರೆ ತೊಳೆದ ನೀರು ಕುಡಿದು ಬಳ್ಳಿ ಹಾಗೆ ಹಬ್ಬಿತ್ತು. ಮೇಲಿನಿಂದ ಬಂದ ರಾಡಿ ಅದರೊಳಗೆ ನುಗ್ಗಿ, ಬಳ್ಳಿಗಳ ನಡುವೆ ಸಿಕ್ಕಿಕೊಂಡು, ಮಣ್ಣನ್ನು ಅಲ್ಲೇ ಬಿಟ್ಟು, ಬರೀ ನೀರಾಗಿ ಆಚೆ ಹರಿಯುತ್ತಿತ್ತು. ತೇಲಿ ಬಂದ ಗಿಡಗಳೂ ಅದರ ಅಂಚಿನಲ್ಲಿ ಸಿಕ್ಕಿಕೊಂಡು ಕೂತಿದ್ದವು. ಅಡುಗೆಮನೆಯ ಹಿಂಬಾಗಿಲ ಕಲ್ಲು ತೊಳೆದಿಟ್ಟಂತಿತ್ತು. ಬಾಗಿಲ ಬಳಿ ಅಣ್ಣ ಸಲಿಕೆ ಹಿಡಿದು, ತಲೆಗೊಂದು ಸಿಮೆಂಟ್ ಚೀಲ ಹೊದ್ದು ನಿಂತಿದ್ದ.

ಅಣ್ಣ ಸಲಿಕೆಯಿಂದ ಬಳ್ಳಿಯ ಕಡೆ ತೋರಿಸಿದ.

"ಇದನ್ನ ಇಲ್ಲಿ ನೀನು ಬೇಕಂತಲೇ ಬಿಟ್ಯಾ?" ಎಂದು ಅಣ್ಣ ಕೇಳಿದ.

ಹೌದು ಎನ್ನಲು ಎಷ್ಟು ಚೆನ್ನಾದ ಅವಕಾಶ! ನಿನಗೋಸ್ಕರ, ಅತ್ತಿಗೆಗೋಸ್ಕರ ಬಿಟ್ಟೆ ಎಂದುಬಿಟ್ಟರೆ ಮುಗಿಯಿತು. ಕಾಗೆಗೂಡಿನಂತಹ ತಲೆಯವರಿಗೂ ಈ ಕಟಿಂಗ್ ನಿಮಗೇ ಹೇಳಿ ಮಾಡಿಸಿದ್ದು ಎಂದು ದಿನಾ ಹೇಳುವ ನಾಲಿಗೆಗೆ ಇದೇನು ಕಷ್ಟದ್ದಲ್ಲ. ಅದು ತುದಿಯವರೆಗೆ ಬಂತು ಕೂಡ. ಆದರೆ ಮೈತುಂಬ ರಾಡಿ ಮೆತ್ತಿಕೊಂಡು, ಕೈಯಲ್ಲಿ ಪೊರಕೆ ಹಿಡಿದು ನಿಂತವನಿಗೆ ಮರ್ಯಾದೆ ಉಳಿಸಿಕೊಳ್ಳುವ ಮಾತೇ ನಗೆಪಾಟಲು ಅನ್ನಿಸಿತು.

"ಇಲ್ಲಣ್ಣ. ನಾನು ನೆಟ್ಟಿದ್ದು ಮೇಲೆ. ಅಲ್ಲಿ ಕತ್ತರಿಸಿ ಕತ್ತರಿಸಿ ಸಾಯಿಸಿದೆ. ಈ ಕಡೆ ನನ್ನ ಕೈ ಎಟುಕಲಿಲ್ಲ. ಅದಕ್ಕೆ ಬದುಕ್ಕೊಂಡಿದೆ."

"ಗೊತ್ತು" ಎಂದ ಅಣ್ಣ.

"ಏನು ಗೊತ್ತು?"

"ನೀನು ಬಾಚಣಿಗೆ ಹಿಡಿದು ಕೂರೋದನ್ನ ವಾರ ವಾರ ನೋಡ್ತಿದ್ನಲ್ಲ. ಬೇಸಿಗೆ ಹೊತ್ತಿಗೆ ಈ ಕಡೆ ನೋಡಿದ್ರೆ ಹಬ್ಬಿದೆ, ಆ ಕಡೆ ನೋಡಿದ್ರೆ ಇಲ್ಲ. ಆಗಲೇ ಗೊತ್ತಾಯ್ತು. ಕೂಗಿ ಹೇಳೋಣ, ಕತ್ತರಿ ಎಸೆಯೋ ಪೆದ್ದ ಅಂತ. ಎಷ್ಟೋ ಸಲ ಬಾಯಿಗೆ ಬಂತು." ಅಣ್ಣ ಸಲಿಕೆಯ ಮೊನೆಯಿಂದ ನೆಲ ಕೆದಕಿದ. "ಮಾತು ಬಿಟ್ಟಿದ್ವಲ್ಲ."

"ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀನು ಬಂದು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅಷ್ಟರಲ್ಲಿ ಅತ್ತಿಗೆ ಬಾಗಿಲಲ್ಲಿ ತಲೆ ಹಾಕಿದರು. "ಮೂರು ಸಲ ಆ ಕಲ್ಲು ರಾಶಿ ಎತ್ತಿ ಆಚೆ ಹಾಕಿದಾರೆ ನಿಮ್ಮಣ್ಣ. ಬಳ್ಳಿ ಎಡಕ್ಕೆ ಬಂದ್ರೆ ಕಲ್ಲು ಬಲಕ್ಕೆ, ಬಲಕ್ಕೆ ಬಂದ್ರೆ ಎಡಕ್ಕೆ. ಬೆನ್ನು ನೋವು ಅಂತ ರಾತ್ರಿಯೆಲ್ಲ ನರಳಿದ್ದು ಯಾರು ಕೇಳಿಸ್ಕೋಬೇಕು, ನಾನು. ಇದು ಗೋಡೆ ಕಟ್ಟೋರ ಲಕ್ಷಣಾನಾ, ನೀನೇ ಹೇಳು" ಎಂದರು.

"ನಿನ್ನನ್ನ ಯಾರು ಕೇಳಿದ್ರು ಈಗ?" ಎಂದು ಅಣ್ಣ ಗದರಿದ. ಆದರೆ ಮುಖ ಆಚೆ ತಿರುಗಿಸಿಕೊಂಡ.

ರೇಡಿಯೋ ಉದ್ದಕ್ಕೆ ಚಾಚಿದ ರಾಶಿಯನ್ನು ನೋಡಿದ. ಗೋಡೆಯ ಸಾಲು ಎಂದು ತಾನು ನಿದ್ದೆಗೆಟ್ಟಿದ್ದು ಇದಕ್ಕೆ. ಬಳ್ಳಿ ಕಲ್ಲಿನಡಿ ಸಿಗದಂತೆ ಅಣ್ಣ ಒಂದೊಂದೇ ಕಲ್ಲು ಎತ್ತಿ ದಾರಿ ಬಿಟ್ಟುಕೊಟ್ಟಿದ್ದ. ಅಷ್ಟು ದಿನ ಅವನೂ ಕಾದಿದ್ದ. ತಮ್ಮ ಬರಲಿ ಎಂದೋ ಬಳ್ಳಿಯಾದರೂ ಬಂದು ತಲುಪಲಿ ಎಂದೋ ಕಾದಿದ್ದ. ಮಳೆ ಇದ್ದದ್ದರಿಂದ ಮುಖ ಒರೆಸಿಕೊಳ್ಳಲು ನಾಚಿಕೆಪಡಬೇಕಾಗಲಿಲ್ಲ.

"ಅಣ್ಣ, ಅವತ್ತು ಆ ಮಾತು ನಾನು ಆಡಬಾರದಿತ್ತು."

"ಆಡಬಾರದಿತ್ತು" ಎಂದ ಅಣ್ಣ. "ಮಳೆ ಬಿಟ್ಟ ಮೇಲೆ ಇಲ್ಲಿಂದ ನಾಲ್ಕು ಗೆಣ್ಣು ಕಿತ್ತು ಮೇಲೆ ಹಾಕೋಣ. ಅಡ್ಡಡ್ಡ ಒಂದೊಂದು ಸಾಲು ಕಲ್ಲು ಕೂರಿಸ್ತೀನಿ, ಮಣ್ಣು ಅಲ್ಲಲ್ಲೇ ನಿಲ್ಲುತ್ತೆ. ಉದುರಿದ ಎಲೆ ಬಿದ್ದಲ್ಲೇ ಇರಲಿ. ನಾನೇ ನೆಡ್ತೀನಿ. ನೀನು ಮುಟ್ಟಬೇಡ."

"ನೀರಾದರೂ ಹಾಕ್ಲಾ?"

"ಬೇಡ."

"ಒಳಗೆ ಬರ್ತೀರೋ, ಅಲ್ಲೇ ಬೇರು ಬಿಡ್ತೀರೋ?" ಎಂದರು ಅತ್ತಿಗೆ.

ರೇಡಿಯೋ ಒಳಗೆ ಬಂದ. ಎರಡು ಹೆಜ್ಜೆ ಇಟ್ಟ ಮೇಲೆ ಹಿಂದಿರುಗಿ ನೋಡಿದ. ಬಳ್ಳಿ ಅಷ್ಟು ಕಷ್ಟಪಟ್ಟು ತಡೆದಿದ್ದ ಮಣ್ಣು ಅವನ ಕಾಲಿನಿಂದ, ಚಡ್ಡಿಯಿಂದ, ಪೊರಕೆಯಿಂದ ಇಳಿದು ಅತ್ತಿಗೆಯ ಅಡುಗೆಮನೆಯ ನೆಲದ ಮೇಲೆಲ್ಲ ಬಿದ್ದಿತ್ತು. ಹೋದ ವರ್ಷದ ಮಳೆಯೂ ಅಷ್ಟು ದೂರ ಒಳಗೆ ಬಂದಿರಲಿಲ್ಲ. ಅವನು ಗಾಬರಿಯಾಗಿ ಒರೆಸಲು ಅಲ್ಲಿದ್ದ ಬಟ್ಟೆ ಎತ್ತಿಕೊಂಡ. ಅತ್ತಿಗೆ ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು ಮಣೆಯೊಂದನ್ನು ಕಾಲಿನಿಂದ ಅವನ ಕಡೆ ತಳ್ಳಿದರು.

"ಇರಲಿ ಬಿಡು. ಬರೋರು ಬಂದ್ರೆ ಇಷ್ಟು ಮಣ್ಣು ಬಂದೇ ಬರುತ್ತೆ."

ಅವನು ಕೂತ. ಪಕ್ಕದಲ್ಲಿ ಅಣ್ಣ ಬಂದು ಕೂತ. ಏನಾದರೂ ಹೇಳಬೇಕು ಎಂದು ರೇಡಿಯೋ ಬಾಯಿ ತೆರೆದ. ಅಣ್ಣ ಕಿಟಕಿಯಾಚೆ ಮಳೆ ನೋಡುತ್ತಿದ್ದ. ರೇಡಿಯೋ ಏನೂ ಹೇಳದೆ ತಾನೂ ಆ ಕಡೆಯೇ ನೋಡಿದ.